ನಾಯಿ ಉಂಡಾ?

ಐವರ್ನಾಡಿನ ನಮ್ಮ ಮನೆಗೆ ಬರುವವರು ಬಾಗಿಲು ತಟ್ಟುವುದಿಲ್ಲ. ತೋಟದ ಸಂಕ ದಾಟಿ, ಪಾಚಿಗಟ್ಟಿದ ಕಲ್ಲಿನ ಮೆಟ್ಟಿಲು ಹತ್ತಿ, ಬೇಲಿಯ ತಡಮೆಯ ಆಚೆ ನಿಂತು ದೊಡ್ಡ ಸ್ವರದಲ್ಲಿ ಕೇಳುತ್ತಾರೆ: “ನಾಯಿ ಉಂಡಾ?”

ಇದು ತುಳು. ನಾಯಿ ಇದೆಯಾ ಎಂಬ ವಿಚಾರಣೆ. ಮೈಸೂರಿನಿಂದ ಮೊದಲ ಸಲ ನನ್ನೊಂದಿಗೆ ಬಂದಿದ್ದ ಗೆಳತಿಗೆ ತುಳು ಬರುತ್ತಿರಲಿಲ್ಲ. ಜಗಲಿಯಲ್ಲಿ ಕೂತು ಇದನ್ನು ಕೇಳಿದವಳೇ ಕಣ್ಣರಳಿಸಿ, “ಎಂಥ ಒಳ್ಳೆಯ ಜನ! ಮನೆಯವರನ್ನು ಮಾತಾಡಿಸುವ ಮೊದಲೇ ನಾಯಿಯ ಊಟ ಆಯಿತಾ ಅಂತ ಕೇಳುತ್ತಾರೆ” ಎಂದಳು. ನಾನು ಅರ್ಥ ಬಿಡಿಸಿ ಹೇಳಿದೆ. ಆದರೆ ಅವಳ ಕಿವಿಗೆ ಕೇಳಿದ ಆ ಕನ್ನಡದ ಅರ್ಥವೂ ಅಂದಿನಿಂದ ನನ್ನೊಳಗೆ ಉಳಿದುಬಿಟ್ಟಿದೆ. ಇರುವುದು, ಉಣ್ಣುವುದು. ಮನೆಯ ವಿಚಾರದಲ್ಲಿ ಇವೆರಡು ಬಹಳ ದೂರದ ಮಾತುಗಳಲ್ಲ.

ಕೂಗಿದವರಿಗೆ ಅಪ್ಪನ ಉತ್ತರ ಜಗಲಿಯಿಂದಲೇ ಹೋಗುತ್ತದೆ. “ಉಂಡು, ಬಲೆ! ದಾಲಾ ಮಲ್ಪುಜಿ.” ಇದೆ, ಬನ್ನಿ, ಏನೂ ಮಾಡುವುದಿಲ್ಲ. ಅಷ್ಟು ಹೇಳಿ ಮುಗಿಯುವುದರೊಳಗೆ ಬೊಳ್ಳು ಅಂಗಳ ದಾಟಿ, ತುಳಸಿಕಟ್ಟೆಗೆ ಅರ್ಧ ಸುತ್ತು ಬಂದು, ತಡಮೆಯ ಈಚೆ ನಾಲ್ಕೂ ಕಾಲು ಊರಿ ನಿಂತು, ಬಂದವರ ಪೂರ್ವಾಪರವನ್ನೆಲ್ಲ ಕೇಳಲು ತೊಡಗಿರುತ್ತದೆ.

ಬೊಳ್ಳು ಎಂದರೆ ಬಿಳಿಯ. ತುಳುವಿನ ಬೊಳ್ಪು, ಬೊಳ್ದು ಇದ್ದ ಕಡೆಯಿಂದಲೇ ಬಂದ ಹೆಸರು. ನಮ್ಮ ಮನೆಯೊಳಗಿನ ಮಾತು ಅರೆಭಾಷೆ, ಅಂಗಳಕ್ಕಿಳಿದರೆ ತುಳು, ಶಾಲೆಗೆ ಹೋದರೆ ಕನ್ನಡ. ಬೆಳ್ಳಾರೆ ಪೇಟೆಯಲ್ಲಿ ಬ್ಯಾರಿಯೂ ಮಲಯಾಳವೂ ಕಿವಿಗೆ ಬೀಳುತ್ತವೆ. ಕನ್ನಡದ ಬೆಕ್ಕು ತುಳುವಿಗೆ ಹೋದರೆ ಪುಚ್ಚೆಯಾಗುತ್ತದೆ. ನಾಯಿ ಮಾತ್ರ ಅರೆಭಾಷೆಯಲ್ಲೂ ತುಳುವಿನಲ್ಲೂ ಕನ್ನಡದಲ್ಲೂ ನಾಯಿಯೇ. ಮಲಯಾಳದಲ್ಲೂ ನಾಯ. ಇಷ್ಟು ಭಾಷೆಗಳು ಒಂದೇ ಅಂಗಳದಲ್ಲಿ ಹಾದುಹೋಗುವ ಊರಿನಲ್ಲಿ, ಹೆಸರು ಬದಲಿಸದೆ ಎಲ್ಲರ ಬಾಯಲ್ಲೂ ಉಳಿದ ಪ್ರಾಣಿ ಇದು.

ಇಲ್ಲಿಯ ಮನೆಗೆ ನಾಯಿ ಯಾಕೆ ಬೇಕು ಎಂಬುದು ಊರು ನೋಡದವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಘಟ್ಟದ ಮೇಲೆ ಹಳ್ಳಿ ಎಂದರೆ ಬೀದಿ ಉಂಟು, ಗೋಡೆಗೆ ಗೋಡೆ ತಾಗಿದ ಮನೆಗಳುಂಟು. ಒಂದು ಮನೆಯ ಒಗ್ಗರಣೆ ಇನ್ನೊಂದು ಮನೆಯ ಮೂಗಿಗೆ ಬರುತ್ತದೆ. ಐವರ್ನಾಡಿನಲ್ಲಿ ಹಾಗಿಲ್ಲ. ಬೆಳ್ಳಾರೆಯಿಂದ ಸೋಣಂಗೇರಿ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸು ಇಳಿದರೆ ನಾಲ್ಕಾರು ಅಂಗಡಿ, ಶಾಲೆ, ಪಂಚಲಿಂಗೇಶ್ವರ ದೇವಸ್ಥಾನ. ಜನ ಎಲ್ಲಿದ್ದಾರೆ ಎಂದು ಹುಡುಕಬೇಕು. ಅವರು ಇಳಿಜಾರುಗಳ ಬುಡದಲ್ಲಿ, ಅಡಿಕೆ ತೋಟದ ತಲೆಯಲ್ಲಿ, ಒಬ್ಬೊಬ್ಬರು ಒಂದೊಂದು ಗುಡ್ಡದ ಮಡಿಲಲ್ಲಿ ಇರುತ್ತಾರೆ. ಒಂದು ಮನೆಯ ಮಾಡು ಇನ್ನೊಂದು ಮನೆಗೆ ಕಾಣುವುದಿಲ್ಲ. ಹೊಗೆ ಕಂಡರೆ ಅಲ್ಲೊಂದು ಒಲೆ ಉರಿಯುತ್ತಿದೆ ಎಂದು ಊಹೆ.

ಕನ್ನಡದಲ್ಲಿ ಕೂಗಳತೆ ಎಂಬ ಒಳ್ಳೆಯ ಮಾತುಂಟು. ನಮ್ಮಲ್ಲಿ ಬಹಳ ಮನೆಗಳು ಕೂಗಳತೆಗೆ ಸಿಕ್ಕುವುದಿಲ್ಲ. ನಾಯಿಯ ಸ್ವರಕ್ಕೆ ಸಿಕ್ಕುತ್ತವೆ. ರಾತ್ರಿ ಒಂಬತ್ತರ ಮೇಲೆ ಮಲಗಿ ಕಿವಿಗೊಟ್ಟರೆ ಒಂದು ದಾರಿಯೇ ಕೇಳಿಸುತ್ತದೆ. ಮೊದಲು ರಸ್ತೆ ಬದಿಯ ಮನೆಯ ನಾಯಿ, ಸ್ವಲ್ಪ ಹೊತ್ತಿಗೆ ತೋಡಿನ ಆಚೆಯದು, ಮತ್ತೆ ಗೇರುಗುಡ್ಡೆಯ ಕೆಳಗಿನದು. ಯಾರೋ ನಡೆದು ಬರುತ್ತಿದ್ದಾರೆ. ಗೇರುಗುಡ್ಡೆಯಲ್ಲಿ ನಿಂತುಹೋದರೆ ಅವರು ಅಲ್ಲಿಯವರು. ಮುಂದುವರಿದು ಬೊಳ್ಳು ಎದ್ದು ನಿಂತರೆ ನಮ್ಮಲ್ಲಿಗೆ ಬರುವವರು. ಅಮ್ಮ ಇದ್ದಾಗ ಈ ಲೆಕ್ಕದಲ್ಲೇ ಗಂಜಿಗೆ ನೀರು ಹೆಚ್ಚು ಮಾಡುತ್ತಿದ್ದರು. ಬಂದವರು ಅಂಗಳಕ್ಕೆ ಕಾಲಿಡುವಾಗ ಚಿಮಿಣಿಯ ಹತ್ತಿರ ಒಂದು ತಂಬಿಗೆ ನೀರು ಇಟ್ಟಾಗಿರುತ್ತಿತ್ತು.

ನಾಯಿ ದಿನವಿಡೀ ಮಲಗುತ್ತದೆ ಎನ್ನುತ್ತಾರೆ. ಎಲ್ಲಿ ಎಲ್ಲಿ ಮಲಗುತ್ತದೆ ಎಂದು ಒಂದು ದಿನ ಅದರ ಹಿಂದೆಯೇ ತಿರುಗಿದರೆ, ನಾವು ಹುಟ್ಟಿ ಬೆಳೆದ ಮನೆಯನ್ನು ಹೊಸದಾಗಿ ನೋಡಿದ ಹಾಗಾಗುತ್ತದೆ. ಕಳೆದ ಮಾಗಿಯಲ್ಲಿ ನಾನು ಹಾಗೆ ಮಾಡಿದೆ.

ಬೆಳಗ್ಗೆ ಐದಕ್ಕೆ ಬೊಳ್ಳುವಿನ ಜಾಗ ಬಚ್ಚಲ ಒಲೆಯ ಮುಂದೆ. ರಾತ್ರಿ ಉರಿದ ತೆಂಗಿನ ಕೊತ್ತಳಿಗೆಯ ಬೂದಿ ಆಗಲೂ ಬಿಸಿ. ಮೂಗನ್ನು ಬಾಲದೊಳಗೆ ತೂರಿಸಿ ಸುರುಳಿ ಸುತ್ತಿಕೊಂಡು ಬಿದ್ದುಕೊಂಡ ಬಿಳಿ ನಾಯಿ, ಏಳುವಾಗ ಒಂದು ಪಕ್ಕ ಬೂದು ಬಣ್ಣ. ಅಪ್ಪ ಹೊಸ ಬೆಂಕಿ ಹಾಕಲು ಬಂದಾಗ ಎದ್ದು, ಮುಂಗಾಲು ಚಾಚಿ ಮೈ ಮುರಿದು, ಅವರ ಮೊಣಕಾಲಿಗೆ ಒಮ್ಮೆ ತಲೆ ಒತ್ತಿ ಹೊರಗೆ ಹೋಗುತ್ತದೆ. ಹಟ್ಟಿಯ ಕಡೆ. ಹಸುವಿನ ಬಾಯಿಗೂ ಇದರ ಮೂಗಿಗೂ ಒಂದು ಗೇಣು ಅಂತರ. ಎರಡೂ ಉಸಿರು ಮಂಜಿನಲ್ಲಿ ಬಿಳಿಯಾಗಿ ಬೆರೆಯುತ್ತವೆ. ಹಾಲು ಕರೆದಾದ ಮೇಲೆ ಗೆರಟೆಯಲ್ಲಿ ಒಂದು ಗುಟುಕು ಸಿಗುವವರೆಗೆ ಅಲ್ಲಿಂದ ಕದಲುವುದಿಲ್ಲ.

ಎಂಟೂವರೆಗೆ ಬಿಸಿಲು ಅಂಗಳಕ್ಕೆ ಇಳಿಯುತ್ತದೆ. ಅಂಗಳ ತುಂಬ ಅಡಿಕೆ. ಹಣ್ಣಡಿಕೆ ಒಣಗಿ ಚಾಲಿಯಾಗಲು ನಲವತ್ತು ನಲವತ್ತೈದು ದಿನದ ಬಿಸಿಲು ಬೇಕು. ಮೊದಲ ವಾರದ್ದು ಕೆಂಪು ಕಿತ್ತಳೆ, ಮೂರನೆಯ ವಾರದ್ದು ಮಣ್ಣಿನ ಬಣ್ಣ, ಒಣಗಿ ಬಂದದ್ದು ಬೂದಿ ಬಣ್ಣ, ಕಾಲಿಟ್ಟರೆ ಗಲಗಲ. ಈ ಮೂರು ಬಣ್ಣದ ನಡುವೆ ಬಿಟ್ಟ ಕಾಲುದಾರಿಯಲ್ಲೇ ಬೊಳ್ಳು ನಡೆಯುವುದು. ಮೊದಮೊದಲು ಅಡಿಕೆಯ ಮೇಲೆಯೇ ಮಲಗುತ್ತಿತ್ತಂತೆ, ಅದರಷ್ಟು ಬೆಚ್ಚಗಿನ ಹಾಸಿಗೆ ಇನ್ನೆಲ್ಲಿ? ಅಪ್ಪ ಗದರಿಸಿ ಕಲಿಸಿದರು. ಈಗ ಅಂಚಿನಲ್ಲಿ ಮಲಗುತ್ತದೆ. ಆದರೆ ಒಂದು ಮುಂಗಾಲನ್ನು ಮಾತ್ರ ಅಡಿಕೆಯ ಮೇಲೆ ಇಟ್ಟುಕೊಂಡಿರುತ್ತದೆ. ಅಪ್ಪ ಅದನ್ನು ನೋಡಿಯೂ ಏನೂ ಹೇಳುವುದಿಲ್ಲ.

ಹತ್ತೂವರೆಗೆ ಮೀನಿನ ರಿಕ್ಷಾದ ಹಾರ್ನ್ ರಸ್ತೆಯಲ್ಲಿ ಕೇಳುತ್ತದೆ. ನಮಗೆ ಕೇಳುವ ಮೊದಲೇ ಅದಕ್ಕೆ ಕೇಳಿರುತ್ತದೆ. ಅಪ್ಪನ ಮುಖ ನೋಡುತ್ತದೆ. ಅಪ್ಪ ಚೀಲ ಹುಡುಕಿದರೆ ಬೂತಾಯಿಯೋ ಬಂಗುಡೆಯೋ ಬರುತ್ತದೆ ಎಂದು ಅರ್ಥ. ಚೀಲ ಮುಟ್ಟದಿದ್ದರೆ ನಿಟ್ಟುಸಿರು ಬಿಟ್ಟು ಪುನಃ ಮಲಗುತ್ತದೆ. ಮಧ್ಯಾಹ್ನ ಅಡಿ ತಗ್ಗಿದ ಅಲ್ಯೂಮಿನಿಯಂ ಬೋಗುಣಿಯಲ್ಲಿ ಕುಚ್ಚಲಕ್ಕಿ ಅನ್ನ, ಮೀನಿನ ತಲೆ ಬೇಯಿಸಿದ ನೀರು. ಉಂಡಾದ ಮೇಲೆ ತೋಟ. ಹಾಳೆಗಳನ್ನು ಒಟ್ಟಿಟ್ಟ ಕೊಟ್ಟಿಗೆಯ ನೆರಳಿನಲ್ಲಿ, ಒಂದು ಬಾಗಿದ ಹಾಳೆಯೊಳಗೆ, ತೊಟ್ಟಿಲಿನಲ್ಲಿ ಮಲಗಿದ ಹಾಗೆ. ಸಂಜೆ ಜಗಲಿಯ ಕೆಳಗಿನ ಮೆಟ್ಟಿಲು. ಅಲ್ಲಿಂದ ತಡಮೆ ಕಾಣುತ್ತದೆ.

ಬೆಚ್ಚಗಿರುವುದು ಎಲ್ಲಿ, ತಂಪು ಎಲ್ಲಿ, ಗಾಳಿ ಯಾವ ಮೂಲೆಯಿಂದ ಬರುತ್ತದೆ, ಯಾವ ಹೊತ್ತಿಗೆ ಯಾರು ಎಲ್ಲಿ ಸಿಗುತ್ತಾರೆ, ಇದೆಲ್ಲ ಅಮ್ಮನಿಗೆ ಗೊತ್ತಿತ್ತು. ಅವರ ನಂತರ ಅಷ್ಟು ಸರಿಯಾಗಿ ಗೊತ್ತಿರುವುದು ಬೊಳ್ಳುವಿಗೆ. ಈ ಮಾತನ್ನು ನಾನು ಬಹಳ ಯೋಚಿಸಿಯೇ ಬರೆಯುತ್ತಿದ್ದೇನೆ.

ಮಳೆಗಾಲದ ಚಿತ್ರ ಬೇರೆ. ಕೊಳೆರೋಗ ಬಾರದ ಹಾಗೆ ಅಡಿಕೆ ಗೊನೆಗೆ ಮದ್ದು ಬಿಡುವ ದಿನ, ಮೈಲುತುತ್ತು ಸುಣ್ಣದ ನೀರು ಮರದ ತುದಿಯಿಂದ ಹನಿಹನಿಯಾಗಿ ಉದುರುತ್ತದೆ. ಕೆಳಗೆ ನಿಂತ ಎಲ್ಲವೂ ನೀಲಿ. ತಲೆಯ ಮುಟ್ಟಾಳೆ ನೀಲಿ, ಬಾಳೆ ಎಲೆ ನೀಲಿ. ನಾಯಿ ಮೈ ನೆಕ್ಕಿಕೊಂಡರೆ ಹೊಟ್ಟೆಗೆ ಹೋಗುತ್ತದೆಂದು ಅಪ್ಪ ಆ ದಿನ ಅದನ್ನು ಕಟ್ಟಿಹಾಕುತ್ತಾರೆ. ಆದರೂ ಹೇಗೋ ತಪ್ಪಿಸಿಕೊಂಡು ತೋಟಕ್ಕೆ ಓಡಿ ಬೆನ್ನ ಮೇಲೆ ನೀಲಿ ಚುಕ್ಕೆ ಹೊತ್ತು ಬರುತ್ತದೆ. ಸಂಜೆ ಬಚ್ಚಲಲ್ಲಿ ಬಿಸಿನೀರಿನ ಸ್ನಾನ ಇಬ್ಬರಿಗೂ.

ಇನ್ನು ಅದರ ಮಾತು. ಬೊಗಳುವುದು ಒಂದೇ ಥರ ಎಂದುಕೊಂಡವರು ನಾಯಿಯೊಂದಿಗೆ ಒಂದು ಮಳೆಗಾಲವನ್ನೂ ಕಳೆದವರಲ್ಲ. ಮಂಗಗಳು ತೆಂಗಿನ ಮರಕ್ಕೆ ಬಂದರೆ ತಲೆ ಮೇಲೆತ್ತಿ, ಸ್ವರ ಒಡೆದುಹೋಗುವ ಹಾಗೆ, ನಿಲ್ಲಿಸದೆ. ಹಾವು ಕಂಡರೆ ಹಾಗಲ್ಲ. ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ, ತುಂಡು ತುಂಡಾದ ಬೊಗಳು, ಕಣ್ಣು ಮಾತ್ರ ಒಂದೇ ಕಡೆ. ಆ ಸದ್ದು ಕೇಳಿದರೆ ಅಪ್ಪ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾರೆ. ಗೊತ್ತಿದ್ದವರಿಗೆ ಮೊದಲು ಎರಡು ದೊಡ್ಡದು, ಗುರುತು ಸಿಕ್ಕಿದ ಕೂಡಲೇ ಮೂರನೆಯದು ಅರ್ಧಕ್ಕೆ ನಿಂತು ಬಾಲಕ್ಕೆ ಹೋಗುತ್ತದೆ. ಬಾಲ ಎಂದರೆ ಬೆನ್ನಿನ ಅರ್ಧದಿಂದ ಅಲ್ಲಾಡುವ ಬಾಲ. ಮುಳ್ಳುಹಂದಿಯ ಹಿಂದೆ ಹೋದ ರಾತ್ರಿ ಅದು ಬೊಗಳಲಿಲ್ಲ. ಮೂತಿಯಲ್ಲಿ ಎರಡು ಮುಳ್ಳು ಹೊತ್ತುಕೊಂಡು ಬಂದು ಜಗಲಿಯ ಮುಂದೆ ಸುಮ್ಮನೆ ನಿಂತಿತು. ಚಿರತೆ ಸುಳಿದ ರಾತ್ರಿಯೂ ಬೊಗಳು ಇಲ್ಲ. ಬಚ್ಚಲ ಬಾಗಿಲಿಗೆ ಬೆನ್ನು ಒತ್ತಿಕೊಂಡು ಒಳಗೊಳಗೇ ಕುಂಯ್‌ಗುಡುತ್ತದೆ. ಹಲಗೆಯ ಬಾಗಿಲು ಅದರ ನಡುಕಕ್ಕೆ ಸಣ್ಣಗೆ ಅದುರುವುದು ಹಾಸಿಗೆಯಲ್ಲಿದ್ದವರಿಗೆ ಕೇಳುತ್ತದೆ.

ಬೊಳ್ಳುವಿಗಿಂತ ಮೊದಲು ಕಾಳು ಇತ್ತು. ಕಪ್ಪು ನಾಯಿ. ಅಮ್ಮನ ನಾಯಿ ಎಂದೇ ಹೇಳಬೇಕು. ಅಮ್ಮ ಸೊಪ್ಪಿಗೆ ಹೋದರೆ ಸೊಪ್ಪಿಗೆ, ತೋಡಿಗೆ ಹೋದರೆ ತೋಡಿಗೆ. ಹದಿಮೂರು ವರ್ಷ. ಅಮ್ಮ ತೀರಿಕೊಂಡದ್ದು ಒಂದು ಫಾಲ್ಗುಣದಲ್ಲಿ. ಕಾಳು ಮುಂದಿನ ಆಟಿ ತಿಂಗಳನ್ನು ದಾಟಲಿಲ್ಲ. ಅಪ್ಪ ಹಲಸಿನ ಮರದ ಆಚೆ ಗುಂಡಿ ತೋಡಿ, ಮೇಲೊಂದು ತೆಂಗಿನ ಸಸಿ ನೆಟ್ಟರು. ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಕಾಳು ಹೋಯ್ತು. ಸಸಿ ಇಟ್ಟಿದ್ದೇನೆ.”

ಆಮೇಲಿನ ಏಳು ತಿಂಗಳು ಆ ಮನೆ ಹೇಗಿತ್ತು ಎಂದು ನೆನಪಿಸಿಕೊಳ್ಳುವುದೇ ನನಗೆ ಕಷ್ಟ. ಮಾಡು ಸೋರುತ್ತಿರಲಿಲ್ಲ, ಗೋಡೆ ಬಿರಿದಿರಲಿಲ್ಲ, ಕರೆಂಟು ಇತ್ತು, ಅಕ್ಕಿ ಇತ್ತು, ಅಪ್ಪ ಇದ್ದರು. ಆದರೂ ಮೆಟ್ಟಿಲು ಹತ್ತಿ ಬರುವಾಗ ಬಿಕೋ ಎನ್ನುತ್ತಿತ್ತು. ಬೋಗುಣಿಯನ್ನು ಅಪ್ಪ ತೊಳೆದು ಬಾವಿಕಟ್ಟೆಯ ಹತ್ತಿರ ಕವುಚಿ ಹಾಕಿದ್ದರು. ಮಂಗಗಳು ಜಗಲಿಯವರೆಗೆ ಬಂದು ಬಾಳೆಗೊನೆ ಕೊಂಡುಹೋದವು. ಅಪ್ಪ ಅಡುಗೆ ಮಾಡುವುದನ್ನು ಮೆಲ್ಲಮೆಲ್ಲನೆ ಬಿಟ್ಟರು. “ಒಬ್ಬನಿಗೆ ಎಂತ ಬೇಯಿಸುವುದು?” ಉಳಿದ ಅನ್ನ ಹಾಕಲು ಬಾಯಿ ಇಲ್ಲದಿದ್ದರೆ ಅನ್ನ ಉಳಿಯದ ಹಾಗೆ ಮಾಡುತ್ತಾರೆ, ಹಾಗೆ ಮಾಡುತ್ತ ಮಾಡುತ್ತ ಒಂದು ಹಿಡಿ ಅಕ್ಕಿಗೆ ಬಂದು ನಿಲ್ಲುತ್ತಾರೆ. ನಮ್ಮ ಫೋನಿನ ಮಾತು ಇಷ್ಟಿತ್ತು. ಊಟ ಆಯ್ತಾ? ಆಯ್ತು. ಮಳೆ ಉಂಟಾ? ಉಂಟು. ಸರಿ ಹಾಗಾದರೆ.

ಆ ದೀಪಾವಳಿಗೆ ನಾನು ಮನೆಯಲ್ಲಿದ್ದೆ. ತಡಮೆಯಿಂದ ಯಾರೋ ಕೂಗಿದರು, “ನಾಯಿ ಉಂಡಾ?” ಅಪ್ಪ ಒಳಗಿನಿಂದ, “ಇಜ್ಜಿ” ಎಂದರು. ಇಲ್ಲ. ಬಲೆ ಎಂಬ ಮಾತು ಅದರ ಹಿಂದೆ ಬರಲೇ ಇಲ್ಲ. ಬಂದವರೂ ಒಂದು ಕ್ಷಣ ಅಲ್ಲೇ ನಿಂತುಬಿಟ್ಟರು.

ಆ ದಿನಗಳಲ್ಲಿ ನಮ್ಮ ಭಾಗದ ಎಷ್ಟು ಮನೆಗಳು ಹೀಗಿವೆ ಎಂದು ಎಣಿಸತೊಡಗಿದ್ದೆ. ಹಳದಿ ಎಲೆ ರೋಗ ಸುಳ್ಯದ ಎಷ್ಟೋ ತೋಟಗಳನ್ನು ತಿಂದುಹಾಕಿದೆ, ಎಲೆಚುಕ್ಕಿ ಬಂದು ಸೇರಿದೆ. ಮಕ್ಕಳು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಗಲ್ಫಿನಲ್ಲಿ. ದೊಡ್ಡ ಜಗಲಿಯ ಮನೆಯಲ್ಲಿ ಇಬ್ಬರು, ಕೆಲವು ಕಡೆ ಒಬ್ಬರು. ಅಂಥ ಪ್ರತಿಯೊಂದು ಮನೆಯಲ್ಲೂ ಆ ಒಬ್ಬರು ದಿನಕ್ಕೆ ಎರಡು ಮಾತನ್ನಾದರೂ ಗಟ್ಟಿಯಾಗಿ ಆಡುವುದಿದ್ದರೆ, ಬಹಳ ಸಲ ಅದು ನಾಯಿಯ ಹತ್ತಿರ.

ಮರಿಯನ್ನು ತಂದದ್ದು ಅಡಿಕೆ ಸುಲಿಯಲು ಬರುವ ಅಕ್ಕ. ಬುಟ್ಟಿಯಲ್ಲಿ ಹಳೆಯ ಪಂಚೆ ಸುತ್ತಿಕೊಂಡು ಬಂದಿತ್ತು. ಅಪ್ಪ ಬೇಡವೆಂದರು. ಸಾಕಾಗಿದೆ, ಇನ್ನೊಂದನ್ನು ಹೂಳುವ ಶಕ್ತಿ ಇಲ್ಲ ಎಂದರು. ಅಕ್ಕ ವಾದ ಮಾಡಲಿಲ್ಲ. “ಎರಡು ದಿನ ಇರಲಿ ಧನಿಗಳೇ, ಬೇಡ ಕಂಡರೆ ನಾನೇ ಕೊಂಡುಹೋಗ್ತೇನೆ” ಎಂದು ಬುಟ್ಟಿಯನ್ನು ಜಗಲಿಯ ಕೆಳಗಿಟ್ಟು ಸುಲಿಯಲು ಕೂತರು. ಆ ರಾತ್ರಿ ಮರಿ ತಾಯಿಯನ್ನು ನೆನೆದು ಅತ್ತಿತು. ಹನ್ನೆರಡು ಗಂಟೆಗೆ ಅಪ್ಪ ಎದ್ದು, ಬಚ್ಚಲ ಒಲೆಗೆ ಎರಡು ಕೊತ್ತಳಿಗೆ ತುರುಕಿ ಬೆಂಕಿ ಮಾಡಿ, ಬುಟ್ಟಿಯನ್ನು ಅದರ ಮುಂದಿಟ್ಟು, ತಾವೂ ಮಣೆ ಎಳೆದುಕೊಂಡು ಕೂತರು. ಎರಡು ದಿನ ಕಳೆಯಿತು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಕವುಚಿದ್ದ ಬೋಗುಣಿ ನೆಟ್ಟಗಾಯಿತು. ಅಕ್ಕಿ ಒಂದು ಪಾವಿಗೆ ಏರಿತು: “ನಾಯಿಗೆ ಬೇಕಲ್ಲ.” ಮೀನಿನ ರಿಕ್ಷಾ ನಮ್ಮ ತಿರುವಿನಲ್ಲಿ ಮತ್ತೆ ನಿಲ್ಲತೊಡಗಿತು. ಫೋನಿನಲ್ಲಿ ಅಪ್ಪನಿಂದ ಸುದ್ದಿ ಬರತೊಡಗಿತು. ಇವತ್ತು ನನ್ನ ಒಂದು ಚಪ್ಪಲಿ ಹಟ್ಟಿಯಲ್ಲಿ ಸಿಕ್ಕಿತು. ಇವತ್ತು ಮೊದಲ ಸಲ ಬೊಗಳಿತು, ತನ್ನದೇ ಸ್ವರಕ್ಕೆ ಹೆದರಿ ಬಚ್ಚಲಿಗೆ ಓಡಿತು. ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆ ಜೀಪಿನಲ್ಲಿ ಕೊಂಡುಹೋಗಿದ್ದೆ, ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆಯೇ. ಮೈಸೂರಿನ ಬಾಡಿಗೆ ಮನೆಯಲ್ಲಿ ಬೀಗ ತೆಗೆದು ಕತ್ತಲೆಯ ಕೋಣೆಗೆ ಕಾಲಿಡುವಾಗ, ನನ್ನ ಕಿವಿ ಆ ಫೋನಿನ ಕಡೆಗೇ ಇರುತ್ತಿತ್ತು. ಆ ಮನೆಯಲ್ಲಿ ನಾಯಿ ಸಾಕುವ ಹಾಗಿಲ್ಲ. ಅಲ್ಲಿ ನಾನು ಬಂದೆನೆಂದು ತಿಳಿಯುವುದು ಬೀಗಕ್ಕೆ ಮಾತ್ರ.

ಸಂಜೆ ಜಗಲಿಯಲ್ಲಿ ಅಪ್ಪ ಎಲೆಅಡಿಕೆ ಹಾಕಿಕೊಂಡು ಕೂತಿರುತ್ತಾರೆ. ಬೊಳ್ಳು ಕೆಳಗಿನ ಮೆಟ್ಟಿಲಿನಿಂದ ಅವರ ಮುಖವನ್ನು ನೋಡುತ್ತದೆ. ಅವರೂ ನೋಡುತ್ತಾರೆ. ಮಾತಿಲ್ಲ. ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ನಾಯಿಯೂ ಅದನ್ನು ಸಾಕಿದವರೂ ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಿದ್ದರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದೆ. ತಾಯಿ ಮಗುವಿನ ನಡುವೆ ಕೆಲಸ ಮಾಡುವುದೂ ಇದೇ ರಸ. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಅದು ಕಾಣಲಿಲ್ಲ. ಇದನ್ನು ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಕಾಳು ಅಮ್ಮನನ್ನು ಹಾಗೆಯೇ ನೋಡುತ್ತಿತ್ತು” ಎಂದರು.

ಐವರ್ನಾಡು ಎಂಬ ಹೆಸರನ್ನು ಐವರ ನಾಡು ಎಂದು ಬಿಡಿಸಿದರೆ ನನ್ನ ಮನಸ್ಸಿಗೆ ಬರುವವರು ಪಾಂಡವರೇ. ಊರ ದೇವರೂ ಪಂಚಲಿಂಗೇಶ್ವರ. ಚಿಕ್ಕಂದಿನಲ್ಲಿ ಜಾತ್ರೆಗೆ ಹೋಗಿ ಬರುವ ದಾರಿಯಲ್ಲಿ ಅಪ್ಪ ಹೇಳಿದ ಕಥೆ ಆ ಐವರು ಹಿಮಾಲಯ ಹತ್ತಿದ್ದು. ಕುಮಾರವ್ಯಾಸನ ಕಾವ್ಯ ಗದಾಪರ್ವಕ್ಕೆ ನಿಲ್ಲುತ್ತದೆ, ಅಲ್ಲಿ ಈ ಕಥೆ ಇಲ್ಲ. ಇದು ವ್ಯಾಸಭಾರತದ ಹದಿನೇಳನೆಯದಾದ ಮಹಾಪ್ರಸ್ಥಾನಿಕ ಪರ್ವದ್ದು. ದ್ರೌಪದಿ ಬಿದ್ದಳು, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬಿದ್ದರು. ಉಳಿದದ್ದು ಧರ್ಮರಾಯ ಮತ್ತು ಹಸ್ತಿನಾಪುರದಿಂದ ಹಿಂದೆಯೇ ಬಂದಿದ್ದ ಒಂದು ನಾಯಿ. ಇಂದ್ರ ರಥ ತಂದು ಹತ್ತು ಎಂದಾಗ, ನಾಯಿಯನ್ನು ಬಿಟ್ಟು ಬರುವುದಿಲ್ಲ ಎಂದ. ಅದೇ ಮಹಾಭಾರತದ ಆದಿಪರ್ವದ ಮೊದಮೊದಲಲ್ಲಿ, ಜನಮೇಜಯನ ತಮ್ಮಂದಿರು ಯಜ್ಞಶಾಲೆಗೆ ಬಂದ ಮರಿಯೊಂದನ್ನು ತಪ್ಪಿಲ್ಲದೆ ಹೊಡೆಯುತ್ತಾರೆ. ತಾಯಿ ಸರಮೆ ಬಂದು ನ್ಯಾಯ ಕೇಳುತ್ತಾಳೆ. ಅಷ್ಟು ದೊಡ್ಡ ಕಥೆಯ ಬಾಗಿಲಲ್ಲೊಂದು ನಾಯಿ, ಹಿತ್ತಿಲಲ್ಲೊಂದು ನಾಯಿ. ನನಗೆ ಅದು ಆಕಸ್ಮಿಕ ಅನ್ನಿಸುವುದಿಲ್ಲ.

ನಮ್ಮ ಮಾತು ಮಾತ್ರ ನಾಯಿಗೆ ಅನ್ಯಾಯ ಮಾಡಿದೆ. ನಾಯಿಪಾಡು ಎನ್ನುತ್ತೇವೆ, ನಾಯಿಬುದ್ಧಿ ಎನ್ನುತ್ತೇವೆ. ಅದೇ ಕನ್ನಡದಲ್ಲಿ ಒಂದು ಸಾವಿರ ವರ್ಷ ಹಿಂದೆ ನಾಯಿಗೆ ಕಲ್ಲು ನೆಟ್ಟವರಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಅದು. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬವನಿಗೆ ಏನು ಬೇಕೆಂದು ಒಡೆಯ ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಅದೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ನಾಯಿ ಹಂದಿಯ ಜಗಳ ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮುಂದೆ ನಿಂತಾಗ ನನಗೆ ನೆನಪಾದದ್ದು ಹಲಸಿನ ಮರದ ಆಚೆಯ ತೆಂಗಿನ ಸಸಿ.

ಇನ್ನೂ ಹತ್ತಿರದ್ದೊಂದಿದೆ. ಪುತ್ತೂರಿನಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ‘ಚೋಮನ ದುಡಿ’ಯ ಚೋಮನಿಗೆ ಉಳಲು ಒಂದು ತುಂಡು ಗದ್ದೆಯೂ ಸಿಗದ ಬಾಳನ್ನು ಬರೆದರು. ಆದರೆ ಅವನ ಗುಡಿಸಲಿಗೆ ಒಂದು ನಾಯಿಯನ್ನು ಕೊಟ್ಟರು, ಅದಕ್ಕೆ ಬಾಡು ಎಂಬ ಹೆಸರನ್ನೂ ಕೊಟ್ಟರು. ನೆಲ ಇಲ್ಲದವನ ಸೂರಿಗೂ ನಾಯಿ ಇದ್ದೇ ಇರುತ್ತದೆ ಎಂಬುದು ಈ ಸೀಮೆಯನ್ನು ಕಾಲಲ್ಲಿ ಅಳೆದ ಅವರಿಗೆ ಗೊತ್ತಿತ್ತು.

ಹಂದಿ ನಮ್ಮಲ್ಲಿ ಈಗಲೂ ಬರುತ್ತದೆ. ಗೆಣಸು, ಬಾಳೆಯ ಬುಡ, ಎಳೆ ಅಡಿಕೆ ಸಸಿ ಯಾವುದನ್ನೂ ಬಿಡುವುದಿಲ್ಲ. ಬೆಳೆ ಕಾಯಲು ಪರವಾನಗಿಯ ಕೋವಿ ಇದ್ದವರೂ ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಸಾಮಾನ್ಯವಾಗಿ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಕೋವಿ ಠಾಣೆಗೆ ಹೋದ ಮೇಲೆ ತೋಟದಲ್ಲಿ ಉಳಿಯುವುದು ನಾಯಿ ಮತ್ತು ಟಾರ್ಚು. ಕಳೆದ ಮಾಗಿಯ ಒಂದು ರಾತ್ರಿ, ಎರಡು ಗಂಟೆ ಇರಬಹುದು, ಬೊಳ್ಳು ತೋಟದ ಕೆಳಗಿನಿಂದ ಬೊಗಳಿತು. ಅಪ್ಪ ಎದ್ದರು, ನಾನೂ ಎದ್ದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಟಾರ್ಚಿನ ಬೆಳಕು ಹತ್ತು ಮಾರು ಹೋಗಿ ಗೋಡೆಯ ಹಾಗೆ ನಿಂತಿತು. ಕೆಳಗೆ ಸೊಪ್ಪು ಮುರಿಯುವ ಸದ್ದು, ಬೊಗಳು, ಗುಟುರು. “ಛೂ! ಛೂ!” ಎಂದು ಅಪ್ಪ ಕೂಗಿದರು, ಮರುಕ್ಷಣವೇ ಸ್ವರ ಬದಲಿಸಿ, “ಬೊಳ್ಳೂ, ಬಾ! ಸಾಕು, ಬಾ!” ಬಾಳೆ ಹೋದರೆ ಹೋಗಲಿ ಎಂಬ ಸ್ವರ. ಬಹಳ ಹೊತ್ತು ಏನೂ ಕೇಳಲಿಲ್ಲ. ಅಡಿಕೆ ಮರದ ತುದಿಯಿಂದ ಮಂಜು ತಟ್ ತಟ್ ಎಂದು ಹಾಳೆಯ ಮೇಲೆ ಬೀಳುವುದು ಮಾತ್ರ. ಆಮೇಲೆ ಬೆಳಕಿನ ಗೋಡೆಯೊಳಗಿನಿಂದ ಬಿಳಿಯದೊಂದು ಕುಂಟುತ್ತ ಬಂತು.

ತೊಡೆಯ ಮೇಲೆ ಒಂದು ಗೇಣು ಸೀಳು. ಆಳವಿರಲಿಲ್ಲ. ಬಚ್ಚಲಲ್ಲಿ ಬೆಂಕಿ ಮಾಡಿ, ನೀರು ಕಾಯಿಸಿ, ಅರಿಶಿನ ಹಾಕಿ ತೊಳೆದರು ಅಪ್ಪ. ನಾನು ಟಾರ್ಚು ಹಿಡಿದುಕೊಂಡು ಕೂತಿದ್ದೆ. ನೀರು ಕಾಯುತ್ತದೆ, ನಾಯಿ ತೋಟ ಕಾಯುತ್ತದೆ, ಅಪ್ಪ ಅಂಗಳದ ತುದಿಯಲ್ಲಿ ನಿಂತು ನಾಯಿಗೆ ಕಾಯುತ್ತಾರೆ. ಬಿಸಿಯಾಗುವುದಕ್ಕೂ ಕಾಪಾಡುವುದಕ್ಕೂ ದಾರಿ ನೋಡುವುದಕ್ಕೂ ನಮ್ಮ ಹಿರಿಯರು ಒಂದೇ ಮಾತನ್ನು ಇಟ್ಟುಕೊಂಡರು. ಆ ಒಲೆಯ ಮುಂದೆ, ಆ ಹೊತ್ತಿನಲ್ಲಿ, ಅವು ಮೂರು ಬೇರೆ ಬೇರೆ ಅರ್ಥಗಳೆಂದು ನನಗೆ ಅನ್ನಿಸಲೇ ಇಲ್ಲ.

ನಮ್ಮ ಮನೆಯಲ್ಲಿ ನಾಯಿಗೆ ಜಗಲಿಯ ಕೆಳಗಿನ ಮೆಟ್ಟಿಲೇ ಗಡಿ. ಅಜ್ಜನ ಕಾಲದಿಂದ ಹಾಗೆ. ಅಮ್ಮ ಕೂಡ ಕಾಳುವನ್ನು ಅದಕ್ಕಿಂತ ಮೇಲೆ ಬರಗೊಟ್ಟವರಲ್ಲ. ಆ ರಾತ್ರಿ ಅಪ್ಪ ಬೊಳ್ಳುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು, ಜಗಲಿ ದಾಟಿದರು, ಹೊಸ್ತಿಲು ದಾಟಿದರು. ಮಂಚದ ಪಕ್ಕ ಗೋಣಿಚೀಲ ಮಡಚಿ ಹಾಕಿ, ಅದರ ಮೇಲೆ ಅಮ್ಮನ ಹಳೆಯ ಶಾಲನ್ನು ಹಾಸಿ ಮಲಗಿಸಿದರು. ನನ್ನ ಕಡೆ ನೋಡದೆ, “ಒಂದು ರಾತ್ರಿಗೆ” ಎಂದರು.

ನಾನು ಹೊರಟ ದಿನವೂ ಗೋಣಿಚೀಲ ಅಲ್ಲೇ ಇತ್ತು. ಗಾಯ ಒಣಗಿತ್ತು. ಬೊಳ್ಳು ಬಸ್ಸಿನವರೆಗೆ ಬರುವುದು ರೂಢಿ. ರಸ್ತೆಯ ಹತ್ತಿರದ ಮೋರಿಯವರೆಗೆ ಬಂದು ಅಲ್ಲಿ ನಿಲ್ಲುತ್ತದೆ, ಮುಂದೆ ಬೇರೆ ನಾಯಿಯ ನಾಡು. ಬಸ್ಸು ತಿರುವು ದಾಟುವವರೆಗೆ ಮೋರಿಯ ಕಟ್ಟೆಯ ಮೇಲೆ ಅದರ ಎರಡು ಕಿವಿ ಕಾಣುತ್ತಿದ್ದವು.

ಸಂಪಾಜೆ ದಾಟಿ, ಮಡಿಕೇರಿ ಹತ್ತಿ ಇಳಿದು, ಮೈಸೂರಿಗೆ ಬಂದು ಬೀಗ ತೆಗೆದು ದೀಪ ಹಾಕುವ ಮೊದಲೇ ಫೋನು ಮಾಡಿದೆ. ಅಪ್ಪ ಹೇಳುತ್ತಿದ್ದರು: ನೀನು ಹೋದ ಮೇಲೆ ಮಧ್ಯಾಹ್ನದವರೆಗೆ ಮೋರಿಯ ಹತ್ತಿರವೇ ಇತ್ತು, ಕರೆದರೂ ಬರಲಿಲ್ಲ, ಮತ್ತೆ ನಾನೇ ಹೋಗಿ... ಅಷ್ಟರಲ್ಲಿ ಫೋನಿನ ಆಚೆ, ದೂರದಿಂದ, ತಡಮೆಯ ಕಡೆಯಿಂದ ಯಾರದೋ ಕೂಗು. ಅದರ ಬೆನ್ನಿಗೇ ಅಂಗಳವನ್ನು ಸೀಳಿಕೊಂಡು ಓಡುವ ಬೊಗಳು. ಅಪ್ಪ ಫೋನನ್ನು ಬಾಯಿಯಿಂದ ದೂರ ಮಾಡಿದ್ದೂ ನನಗೆ ತಿಳಿಯಿತು. ಕೋಣೆಯ ಕತ್ತಲಲ್ಲಿ ನಾನು ಹಾಗೆಯೇ ನಿಂತು ಕೇಳಿದೆ.

“ಉಂಡು, ಉಂಡು! ಬಲೆ!”